ಮನೆ ಪರೀಕ್ಷಕನಾಗಲು ನಾನು ಹಿಡಿದ ಸುತ್ತುದಾರಿ

ಕೊಳ್ಳುವ ಮನೆಯನ್ನು ನೋಡಿ ಹೇಳುವುದಕ್ಕೆ ಮೇಸ್ತ್ರಿ ಇರುವಾಗ ಎಂಜಿನಿಯರಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಜೊತೆಯ ಗುತ್ತಿಗೆದಾರರು ನಕ್ಕಿದ್ದರು. ಕಳೆದ ವರ್ಷ ಮೈಸೂರು ಮತ್ತು ಮಂಡ್ಯ ಸೇರಿ ಹೆಚ್ಚುಕಡಿಮೆ 60 ಮನೆಗಳಿಗೆ ವರದಿ ಕೊಟ್ಟಿದ್ದೇನೆ. ಆದ್ದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಅಮೆರಿಕದ ಟೆಕ್ಸಾಸ್‌ನಂತಹ ರಾಜ್ಯಗಳಲ್ಲಿ ಮನೆ ಪರೀಕ್ಷಕರಿಗೆಂದೇ ಲೈಸೆನ್ಸ್ ಇದೆ, ನಮ್ಮಲ್ಲಿ ಅಂಥದ್ದಿಲ್ಲ. ಹಾಗಾಗಿ 2017ರ ನಿಯಮಗಳಂತೆ ಐಬಿಬಿಐ (ಭಾರತೀಯ ದಿವಾಳಿತನ ಮಂಡಳಿ) ನೀಡುವ ನೋಂದಾಯಿತ ಮೌಲ್ಯಮಾಪಕರ ಸನ್ನದನ್ನು, ಭೂಮಿ ಮತ್ತು ಕಟ್ಟಡ ವಿಭಾಗದಲ್ಲಿ ಪಡೆಯಲು ಹೊರಟೆ. ಬೆಲೆ ಕಟ್ಟುವುದಕ್ಕೂ ಬಿರುಕು ನೋಡುವುದಕ್ಕೂ ಏನು ಸಂಬಂಧ ಎಂದು ಕೇಳಿದವರ ಮಾತು ಕಾನೂನಿನ ದೃಷ್ಟಿಯಿಂದ ಸರಿಯಾಗಿಯೇ ಇತ್ತು, ಮತ್ತು ಈ ಸನ್ನದು ಪರೀಕ್ಷಣೆಗೆ ಪರವಾನಗಿಯಲ್ಲವೆಂದು ನನ್ನ ಪ್ರತಿ ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ. ಆದರೆ ಜೀವಮಾನದ ಉಳಿತಾಯವನ್ನು ಸುರಿಯುವವರಿಗೆ, ತಮ್ಮ ಎದುರಿಗೆ ನಿಂತವನು ಒಂದು ಪರೀಕ್ಷೆಯನ್ನಾದರೂ ದಾಟಿ ಬಂದಿದ್ದಾನೆ ಎಂಬ ಭರವಸೆ ಬೇಕಾಗಿರುತ್ತದೆ.

ಸೈಟಿನಲ್ಲಿ 11 ವರ್ಷ ಕಳೆದಿದ್ದರಿಂದ ಪದವಿಯ ನಂತರದ 5 ವರ್ಷಗಳ ಅನುಭವ ತೋರಿಸುವುದು ಕಷ್ಟವಾಗಲಿಲ್ಲ. 50 ಗಂಟೆಗಳ ತರಬೇತಿಯೂ ಮುಗಿಯಿತು. ಪೆಟ್ಟು ಬಿದ್ದದ್ದು ಪರೀಕ್ಷೆಯಲ್ಲಿ. ಉತ್ತೀರ್ಣನಾಗಲು ನೂರಕ್ಕೆ 60 ಬೇಕು, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಮೊದಲ ಸಲ ಒಂದನ್ನೂ ಬಿಡದೆ ಉತ್ತರಿಸಿ 51ರ ಆಸುಪಾಸಿನಲ್ಲಿ ನಿಂತೆ. ಎರಡನೆಯ ಸಲ 58. ಕಾಂಕ್ರೀಟನ್ನು ಕಂಡವನಿಗೆ ಸ್ವತ್ತು ವರ್ಗಾವಣೆ ಕಾಯ್ದೆ, 1882ರ ಅನುಭೋಗ ಹಕ್ಕುಗಳ ಕಾಯ್ದೆ, ಅರ್ಥಶಾಸ್ತ್ರ ಇವೆಲ್ಲ ಕಬ್ಬಿಣದ ಕಡಲೆಯಾದವು. ಮಂಡ್ಯದ ಪರಿಚಿತ ವಕೀಲರೊಬ್ಬರ ಮನೆಯಲ್ಲಿ ಭಾನುವಾರಗಳಂದು ಕುಳಿತು ಕಾನೂನನ್ನು ಓದಿಕೊಂಡೆ, ಮೂರನೆಯ ಸಲ ಅನುಮಾನವಿದ್ದ ಒಂಬತ್ತು ಹತ್ತು ಪ್ರಶ್ನೆಗಳನ್ನು ಮುಟ್ಟಲೇ ಇಲ್ಲ, 66 ಬಂತು. ತರಬೇತಿ, ಸದಸ್ಯತ್ವ, ಮೂರು ಸಲದ ಶುಲ್ಕ, ಅರ್ಜಿ, ಬೆಂಗಳೂರಿನ ಓಡಾಟ ಎಲ್ಲ ಸೇರಿ 45 ಸಾವಿರದ ಹತ್ತಿರ ಕೈಬಿಟ್ಟು ಹೋಯಿತು. ಮನೆಯಲ್ಲಿ ಹೇಳಿದ್ದು 30 ಎಂದು.

ಸನ್ನದು ಬಂದ ಮೇಲಿನ ನಷ್ಟ ಅದಕ್ಕಿಂತ ಕಹಿಯಾಗಿತ್ತು. ಮಂಡ್ಯದ ಹತ್ತಿರ, ಗದ್ದೆ ಬಯಲನ್ನು ಬಡಾವಣೆ ಮಾಡಿದ ಕಡೆ, ಒಂದು ಮನೆಯನ್ನು ಏಪ್ರಿಲ್‌ನಲ್ಲಿ ನೋಡಿ ಗೋಡೆಗಳು ಒಣಗಿವೆ ಎಂದು ಬರೆದುಕೊಟ್ಟೆ. ಆಗಸ್ಟ್‌ನಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳು ತುಂಬಿದ ಮೇಲೆ ಅದೇ ಗೋಡೆಗಳಲ್ಲಿ ಮೂರು ಅಡಿಯವರೆಗೆ ತೇವ ಏರಿ ಬಣ್ಣ ಹೊಪ್ಪಳಿಕೆಯಾಗಿ ಎದ್ದಿತು. ಪಡೆದಿದ್ದ 4,500 ರೂಪಾಯಿಯನ್ನು ಹಿಂದಿರುಗಿಸಿದ್ದಲ್ಲದೆ ಗಾರೆ ಕೀಳಿಸುವ ಖರ್ಚಿನಲ್ಲಿ ಪಾಲನ್ನೂ ಕೊಟ್ಟೆ. ಅಂದಿನಿಂದ ನಾಲೆ ಬಯಲಿನ ಮನೆಗೆ ಬೇಸಿಗೆಯಲ್ಲಿ ಹೋದರೆ ಮೊದಲು ನೆರೆಯವರ ಬಾವಿಯ ಮಟ್ಟವನ್ನು ವಿಚಾರಿಸುತ್ತೇನೆ. ಆಮೇಲೆ ಮನೆಯ ಒಂದು ನಿರ್ದಿಷ್ಟ ಜಾಗವನ್ನು ನೋಡುತ್ತೇನೆ. ಆ ಜಾಗ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ತೇವಮಾಪಕವನ್ನು ನಂಬಿ ಕೆಟ್ಟದ್ದೂ ಉಂಟು. ಅಗ್ರಹಾರದ ಒಂದು ಹಳೆಯ ಸುಣ್ಣಗಾರೆಯ ಗೋಡೆಯಲ್ಲಿ ಸೂಜಿ ಮೀಟರು ಕೊನೆಯ ಗೆರೆ ಮುಟ್ಟಿದಾಗ ನಾನು ಗಾಬರಿಯಾಗಿ ಸೋರಿಕೆಗಾಗಿ ಅರ್ಧ ದಿನ ಹುಡುಕಿದೆ. ಗೋಡೆ ಒಣಗಿಯೇ ಇತ್ತು, ಮೀಟರನ್ನು ಮೋಸಗೊಳಿಸಿದ್ದು ಅದರೊಳಗಿನ ಉಪ್ಪು. ಆ ಬೇಸರದಲ್ಲಿ ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟು ನೋಡತೊಡಗಿದೆ. ಬರಿಯ ಕಾಂಕ್ರೀಟ್ ನೆಲದ ಮೇಲೆ ಹಾಳೆಯ ಒಳಮೈ ಬೆವರುವುದು ಚೆನ್ನಾಗಿ ತಿಳಿಯುತ್ತದೆ, ವಿಟ್ರಿಫೈಡ್ ಟೈಲ್ಸ್ ಮೇಲೆ ಅದರಿಂದ ಪ್ರಯೋಜನವಿಲ್ಲ.

ಒಂದು ಸಂಗತಿಯನ್ನು ಮಾತ್ರ ಜಂಭದಿಂದಲೇ ಹೇಳುತ್ತೇನೆ. ಮೈಸೂರಿನ ಹತ್ತಿಪ್ಪತ್ತು ವರ್ಷದ ಮನೆಯೊಂದರ ಕಂಬಗಳ ಮೇಲೆ ರಿಬೌಂಡ್ ಹ್ಯಾಮರ್, ಅಂದರೆ ಕಾಂಕ್ರೀಟಿಗೆ ಬಡಿದು ಪುಟಿಯುವುದರಿಂದ ಅದರ ಗಟ್ಟಿತನವನ್ನು ಅಳೆಯುವ ಸುತ್ತಿಗೆ, 38, 40ರಂತಹ ಒಳ್ಳೆಯ ಅಂಕಗಳನ್ನೇ ತೋರಿಸಿತು. ಮಾರುವವರ ಕಡೆಯ ಎಂಜಿನಿಯರ್ ನೋಡಿದಿರಾ ಎಂದು ಬೀಗಿದರು. ಕಂಬದ ಮೂಲೆಯನ್ನು ಸ್ವಲ್ಪ ಒಡೆಸಿ ಫಿನಾಲ್ಫ್ತಲೀನ್ ಸಿಂಪಡಿಸಿದೆ, ಕ್ಷಾರ ಉಳಿದಿರುವ ಕಾಂಕ್ರೀಟ್ ಮಾತ್ರ ಅದಕ್ಕೆ ಗುಲಾಬಿಯಾಗುತ್ತದೆ: 30 ಮಿಲಿಮೀಟರ್ ಆಳದವರೆಗೂ ಗುಲಾಬಿ ಬರಲಿಲ್ಲ, ಕಬ್ಬಿಣ ಇದ್ದದ್ದು 25ರಲ್ಲಿ, ಅಂದರೆ ಅದನ್ನು ತುಕ್ಕಿನಿಂದ ಕಾಯುವ ಕ್ಷಾರ ಹೋಗಿತ್ತು. ಕಾರ್ಬೊನೇಷನ್‌ನಿಂದ, ಅಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಬಿರುಸಾದ ಮೇಲ್ಪದರವೇ ಸುತ್ತಿಗೆಗೆ ಒಳ್ಳೆಯ ಅಂಕ ಕೊಡಿಸಿತ್ತು. ಬೆಲೆಯಲ್ಲಿ ನಾಲ್ಕು ಲಕ್ಷ ಇಳಿಯಿತು, ಕೊಂಡವರು ತಮ್ಮ ಇಬ್ಬರು ನೆಂಟರನ್ನು ನನ್ನ ಬಳಿ ಕಳಿಸಿದರು.

ಆರಂಭದಲ್ಲಿ 3,500 ಕೇಳಲೂ ನಾಲಿಗೆ ತಡವರಿಸುತ್ತಿತ್ತು. ಈಗ 30×40 ಅಡಿ ಸೈಟಿನ ಎರಡಂತಸ್ತಿನ ಮನೆಗೆ 9,000 ತೆಗೆದುಕೊಳ್ಳುತ್ತೇನೆ, ಬಚ್ಚಲಿನ ಸಂಕನ್ ಸ್ಲ್ಯಾಬಿಗೆ (ಕೊಳವೆಗಳಿಗಾಗಿ ತಗ್ಗಿಸಿ ಹಾಕಿದ ನೆಲಕ್ಕೆ) 24 ಗಂಟೆ ನೀರು ಕಟ್ಟಿ ನೋಡುವುದಾದರೆ ಅದರ ಮೇಲೆ 1,500. ದಲ್ಲಾಳಿಗಳ ಕಮಿಷನ್ನಿಗೆ ಒಪ್ಪಿದ್ದರೆ ಕೆಲಸ ಇಮ್ಮಡಿಯಾಗುತ್ತಿತ್ತು, ವರದಿಯೂ ಅವರದೇ ಆಗುತ್ತಿತ್ತು. ಅಪಾರ್ಟ್‌ಮೆಂಟ್ ಕೊಂಡವರು ಸ್ವಾಧೀನದ ನಂತರದ 5 ವರ್ಷದೊಳಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೆಯ ಕಲಮಿನಡಿ ಬಿಲ್ಡರ್‌ನಿಂದ ದೋಷ ಸರಿಪಡಿಸಿಕೊಳ್ಳಲು ವರದಿಗಾಗಿ ಬರುವುದು ಹೆಚ್ಚುತ್ತಿದೆ, ಅದು ಈಗ ನನ್ನ ಆದಾಯದ ಮೂರನೆಯ ಒಂದು ಪಾಲು.

ಸದ್ಯಕ್ಕೆ ಮಂಡ್ಯದ ಮೂರು ಮನೆಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು ಮೂಲೆಗಳಲ್ಲಿ ಆ ಹಾಳೆಗಳನ್ನು ಅಂಟಿಸಿಟ್ಟು ಬಂದಿದ್ದೇನೆ. ನಾಲೆಗೆ ನೀರು ಬಿಟ್ಟ ಎಷ್ಟನೆಯ ದಿನಕ್ಕೆ ಬೆವರು ಕಾಣಿಸುತ್ತದೆ ಎಂದು ಮನೆಯವರು ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾಗಿದೆ.