ಕಾಡುಟಗರಿನ ಬೇಟೆ: ಹೋಗೋದಾ, ಬಿಡೋದಾ?

ಅಮೆರಿಕದ ಮೊಂಟಾನಾದಲ್ಲಿ ಬಿಗ್‌ಹಾರ್ನ್ ಎಂಬ ಕಾಡುಟಗರಿನ ಬೇಟೆಗೆ ಅನ್‌ಲಿಮಿಟೆಡ್ ಲೈಸೆನ್ಸ್ ಅಂತ ಒಂದಿದೆ, ಅದನ್ನು ಯಾರು ಬೇಕಾದರೂ ತಗೊಳ್ಳಬಹುದು. ಟಗರು ಸಿಗೋದು ಮಾತ್ರ ನೂರರಲ್ಲಿ ಎರಡೋ ಮೂರೋ ಜನಕ್ಕೆ. ಕಳೆದ ಸೀಸನ್‌ನಲ್ಲಿ ಅವರಲ್ಲಿ ನಾನೂ ಒಬ್ಬ. "ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ಮನೆಯಲ್ಲಿ ಕೂರೋನಿಗೆ ಟಗರು ಸಿಗುತ್ತಾ?" ಎಂದು ನಕ್ಕಿದ್ದ ಗೆಳೆಯರೇ ಈಗ ಫೋನ್ ಮಾಡಿ ಯಾವ ಜಾಗ ಎಂದು ಕೇಳುತ್ತಿದ್ದಾರೆ. ಜಾಗ ಹೇಳುವುದಿಲ್ಲ. ಹೋಗಬೇಕಾ ಬೇಡವಾ ಎಂದು ಹೇಗೆ ತೀರ್ಮಾನ ಮಾಡಿದೆ ಅನ್ನೋದನ್ನು ಹೇಳುತ್ತೇನೆ. ನನ್ನ ಪ್ರಕಾರ ಜಾಗಕ್ಕಿಂತ ಅದೇ ಮುಖ್ಯ.

ಲೈಸೆನ್ಸ್ ಬಂತು, ಇನ್ನು ಹೋಗಲೇಬೇಕು ಅಂತ ಎಲ್ಲರೂ ಹೊರಡುತ್ತಾರೆ. ನಾನು ಎರಡನ್ನೂ ಬೇರೆ ಬೇರೆ ಮಾಡಿದೆ. ಅರ್ಜಿಗೆ ಕೊನೆ ದಿನ ಮೇ 1. ಆಗ ಬೇರ್‌ಟೂತ್ ಬೆಟ್ಟಗಳ ಮೇಲೆಲ್ಲ ಹಿಮ. ಯಾವ ಟಗರು ಚಳಿಗಾಲ ದಾಟಿತು, ಯಾವುದು ಸತ್ತಿತು, ಯಾರಿಗೆ ಗೊತ್ತು? ಇಲ್ಲಿನ ನಿವಾಸಿಗೆ ಲೈಸೆನ್ಸ್ 125 ಡಾಲರ್, ಹೊರಗಿನವರಿಗೆ 1,250. ಇದನ್ನು ತಗೊಂಡರೆ ಆ ವರ್ಷದ ಲಿಮಿಟೆಡ್ ಡ್ರಾ, ಅಂದರೆ ಲೈಸೆನ್ಸ್ ಲಾಟರಿ, ಕೈಬಿಟ್ಟು ಹೋಗುತ್ತದೆ, ಹೋಗಲಿ. ಅಲ್ಲಿ ಪಾಯಿಂಟ್ ಕೂಡಿಸುತ್ತಲೇ ತಲೆ ಬೆಳ್ಳಗಾದವರು ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಮೇ ತಿಂಗಳಲ್ಲಿ ಸುಮ್ನೆ ದುಡ್ಡು ಕಟ್ಟುತ್ತೇನೆ. ಹೋಗುವ ಬಿಡುವ ಮಾತು ಆಗಸ್ಟ್ ಕೊನೆಯ ವಾರಕ್ಕೆ.

ಆ ವಾರ ಕೇಳಿಕೊಳ್ಳುವುದು ಇಷ್ಟೇ. ಕಾನೂನಿಗೆ ಒಪ್ಪುವ ಟಗರನ್ನು ಈ ಬೇಸಿಗೆಯಲ್ಲಿ ನನ್ನ ಕಣ್ಣಾರೆ ನೋಡಿದ್ದೇನಾ? ಅದು ಬೇಟೆಗೆ ಅವಕಾಶವಿಲ್ಲದ ಯೆಲ್ಲೋಸ್ಟೋನ್ ಪಾರ್ಕ್ ಗಡಿಯಿಂದ ಸಾಕಷ್ಟು ದೂರ ಇದೆಯಾ? ಅಲ್ಲಿಂದ ಮಾಂಸ ಕೆಳಗೆ ತರುವಷ್ಟು ಮಂಡಿ ನನಗಿದೆಯಾ? ಮೂರರಲ್ಲಿ ಒಂದಕ್ಕೆ ಇಲ್ಲ ಎಂದು ಬಂದರೂ ಟಗರು ಬಿಟ್ಟು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತೇನೆ. ಹೀಗೆ ಒಂದೆರಡು ಸೀಸನ್ ಬಿಟ್ಟಿದ್ದೇನೆ. ನಗು ಶುರುವಾದದ್ದು ಅಲ್ಲಿಂದಲೇ.

ಅದಕ್ಕೂ ಮುಂಚೆ ನಾನೂ ಎಲ್ಲರ ಹಾಗೇ ಹೋಗುತ್ತಿದ್ದೆ. ಒಂದು ವರ್ಷ ಕುದುರೆದಾರಿ ಮುಗಿದ ಮೇಲೂ ಎರಡು ದಿನ ಕಲ್ಲುರಾಶಿ ಹತ್ತಿ ಟೆಂಟ್ ಹಾಕಿದೆವು. ಅಷ್ಟರಲ್ಲಿ ಕೋಟಾ ತುಂಬಿತು. ಇಲ್ಲಿ ಲೈಸೆನ್ಸ್‌ಗೆ ಮಿತಿ ಇಲ್ಲ, ಟಗರಿಗೆ ಇದೆ. ಒಂದೊಂದು ಬೇಟೆ ಡಿಸ್ಟ್ರಿಕ್ಟ್‌ಗೂ ಬೆರಳೆಣಿಕೆಯಷ್ಟು. ಅಷ್ಟು ಬಿದ್ದರೆ 48 ಗಂಟೆಯ ನೋಟಿಸ್ ಕೊಟ್ಟು ಬಾಗಿಲು ಹಾಕುತ್ತಾರೆ. ಇನ್ನೊಂದು ವರ್ಷ ಒಳ್ಳೊಳ್ಳೆ ಟಗರುಗಳೇ ಕಂಡವು, ಎಲ್ಲವೂ ಪಾರ್ಕ್ ಒಳಗೆ. ಏಣಿನ ಆ ಕಡೆ ಮಲಗಿ ಮೆಲುಕು ಹಾಕುತ್ತಿದ್ದವು. ನಾವು ಈ ಕಡೆ ಜಿಪಿಎಸ್ ಹಿಡಿದುಕೊಂಡು ಕೂತಿದ್ದೆವು. ಹಿಮ ಬಿದ್ದರೆ ಇಳಿದು ಬರುತ್ತವೆ ಅಂತ ಹಳಬರು ಹೇಳುತ್ತಾರೆ. ಹಿಮ ಬಿತ್ತು, ನಾವು ಇಳಿದೆವು.

ಆ ವರ್ಷಗಳಲ್ಲಿ ಕೈಬಿಟ್ಟ ದುಡ್ಡು ಎಲ್ಲ ಸೇರಿ ಆರೇಳು ಸಾವಿರ ಡಾಲರ್ ಇರಬಹುದು. ದೂರದ ಪ್ರಾಣಿ ನೋಡುವ ದುರ್ಬೀನು, ಸ್ಪಾಟಿಂಗ್ ಸ್ಕೋಪ್ ಒಂದಕ್ಕೇ ಎರಡು ಸಾವಿರದ ಹತ್ತಿರ. ಬೂಟು ಎರಡು ಜೊತೆ, ಒಂದೊಂದೂ ನಾನೂರರ ಮೇಲೆ. ಸಂಬಳ ಇಲ್ಲದ ರಜೆಯ ಲೆಕ್ಕ ಬೇರೆ, ಅದನ್ನು ಮನೆಯವಳು ಇಟ್ಟಿದ್ದಾಳೆ. ಕೊಂಡದ್ದರಲ್ಲಿ ಕೈಹಿಡಿದದ್ದು ಸ್ಕೋಪ್ ಮತ್ತು ಗಟ್ಟಿ ಟ್ರೈಪಾಡ್ ಮಾತ್ರ. ರೈಫಲ್ ಹಳೆಯದೇ.

ಮಂಡಿ ಪರೀಕ್ಷೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲರೂ ಕ್ಯಾನಿನಲ್ಲಿ ನೀರು ಹೊತ್ತು ಬೆಟ್ಟ ಹತ್ತಿ, ಮೇಲೆ ಚೆಲ್ಲಿ ಹಗುರಾಗಿ ಇಳಿಯುತ್ತಾರೆ. ನಾನು ಉಲ್ಟಾ ಮಾಡಿದೆ. ಖಾಲಿ ಚೀಲ ಹೊತ್ತು ಹತ್ತಿ, ಮೇಲೆ ಕಲ್ಲು ತುಂಬಿಕೊಂಡು ಇಳಿದೆ. ಟಗರಿನ ಭಾರ ಬರೋದು ಇಳಿಯುವಾಗ ಅಲ್ವಾ? ಮೂಳೆ ಬಿಡಿಸಿದ ಮಾಂಸವೇ ಮೂವತ್ತು ಕಿಲೋ ಮೇಲೆ. ಕೊಂಬಿನ ಸಮೇತ ತಲೆ ಹತ್ತು ಹನ್ನೆರಡು. ಆಮೇಲೆ ತೊಗಲು, ಟೆಂಟ್, ರೈಫಲ್. ಮೊದಲ ಸಲ ಕಲ್ಲು ಹೊತ್ತು ಇಳಿದಾಗ ಮಾರನೇ ದಿನ ಆಫೀಸಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಾಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ಇಪ್ಪತ್ತೈದು ಕಿಲೋ ಲೆಕ್ಕಕ್ಕೇ ಇರಲಿಲ್ಲ.

ನಡುವೆ ಪ್ರಾಣಿ ಮೇಲೆ ಹೊರೆ ಹೇರುವ ಪ್ರಯೋಗವೂ ಆಯಿತು. ಗೆಳೆಯನೊಬ್ಬ ಹೊರೆ ಹೊರುವ ಆಡು ಕೊಡುತ್ತೇನೆ ಎಂದ, ಬಿಟ್ಟಿ. ಬೇಡ ಎಂದೆ. ಸಾಕಿದ ಕುರಿ, ಆಡುಗಳ ಮೂಗಿನಲ್ಲಿ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಇರಬಹುದು. ಅವಕ್ಕೆ ಅಷ್ಟೇನೂ ಆಗುವುದಿಲ್ಲ. ಬಿಗ್‌ಹಾರ್ನ್‌ಗೆ ತಗುಲಿದರೆ ದೊಡ್ಡವೂ ಸಾಯುತ್ತವೆ, ಮುಂದೆ ಹುಟ್ಟುವ ಮರಿಗಳೂ ವರ್ಷಗಟ್ಟಲೆ ಸಾಯುತ್ತವೆ. ಹಿಂಡಿಗೆ ಹಿಂಡೇ ಹೋದದ್ದುಂಟು. ಅದಕ್ಕೇ ಒಂಟೆ ಜಾತಿಯ ಲಾಮಾ ಪ್ರಾಣಿಯನ್ನು ಬಾಡಿಗೆಗೆ ತಂದೆ, ವಾರಕ್ಕೆ ಸಾವಿರ ಡಾಲರ್ ಮೇಲಾಯಿತು. ದಾರಿ ಇರುವವರೆಗೆ ಬಂಗಾರದಂಥ ಪ್ರಾಣಿ. ದೊಡ್ಡ ಕಲ್ಲುಗಳು ಶುರುವಾದ ತಕ್ಷಣ ಕೂತುಬಿಟ್ಟಿತು. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ಹೋದ ಬೇಸಿಗೆಯಲ್ಲಿ ಮೂರಕ್ಕೂ ಹೌದು ಎಂದು ಬಂತು. ಜುಲೈನಲ್ಲಿ ಕಂಡ ಮೂರು ಟಗರುಗಳು ಆಗಸ್ಟ್‌ನಲ್ಲೂ ಬಟ್ಟಲಿನಂಥ ಅದೇ ತಗ್ಗಿನಲ್ಲಿದ್ದವು. ಕೆಲವು ಟಗರು ಸೀಸನ್ ಶುರುವಾದರೂ ಜಾಗ ಬಿಡುವುದಿಲ್ಲ, ಕೆಲವು ಮೊದಲ ಗುಂಡಿಗೇ ಬೆಟ್ಟ ದಾಟುತ್ತವೆ. ಯಾವುದು ಯಾವ ಜಾತಿ ಎಂದು ತಿಳಿಯಲು ನನ್ನದೊಂದು ಗುರುತಿದೆ. ಅದು ನನ್ನ ಹತ್ತಿರವೇ ಇರಲಿ.

ಮೇಲೆ ಫೋನ್ ಸಿಗಲ್ಲ. ಸ್ಯಾಟಲೈಟ್ ಮೆಸೆಂಜರ್‌ಗೆ ಮನೆಯವಳು ದಿನಾ ಸಂಜೆ ಒಂದೇ ಮಾತು ಕಳಿಸುತ್ತಿದ್ದಳು: ಕೋಟಾ ಇದೆ, ಇಲ್ಲ. ಪ್ರಾಣಿ ಎಲ್ಲಿದೆ ಎಂದು ಇದರಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ನಿಯಮಕ್ಕೆ ವಿರುದ್ಧ, ಅದು ನೆನಪಿರಲಿ.

ದೊಡ್ಡದು ಮಧ್ಯಾಹ್ನ ಬಂಡೆಯ ನೆರಳಿಗೆ ಬಂದು ಮಲಗಿತು. ಬಲಗೊಂಬಿನ ತುದಿ ಸವೆದು ಮೊಂಡಾಗಿತ್ತು, ನಾರು ಬಿಟ್ಟ ಹಳೇ ಕಟ್ಟಿಗೆಯ ಹಾಗೆ. ಈ ಡಿಸ್ಟ್ರಿಕ್ಟ್‌ಗಳಲ್ಲಿ ಕಾನೂನಿಗೆ ಒಪ್ಪಬೇಕಾದರೆ ಕೊಂಬು ಮುಕ್ಕಾಲು ಸುತ್ತು ಇರಬೇಕು. ಪಕ್ಕದಿಂದ ನೋಡಿದಾಗ ಕೊಂಬಿನ ಬುಡದ ಮುಂಭಾಗದಿಂದ ತುದಿಗೆ ಎಳೆದ ಗೆರೆ ಕಣ್ಣಿಗೆ ತಗುಲಬೇಕು. ತುದಿ ಮೊಂಡಾದರೆ ಮುದಿ ಟಗರೂ ಫೇಲ್ ಆಗಬಹುದು. ಅದು ನನ್ನ ಕಡೆಗೇ ಮುಖ ಮಾಡಿ ಕೂತಿತ್ತು. ಎರಡು ಗಂಟೆ ಸ್ಕೋಪಿಗೆ ಕಣ್ಣು ಒತ್ತಿ ಕಾದೆ. ಕೊನೆಗೆ ನೊಣ ಓಡಿಸಲು ತನ್ನ ಬಲಗಡೆ ತಲೆ ಕೊಡವಿ ಹಾಗೇ ನಿಲ್ಲಿಸಿತು. ನನಗೆ ಕಂಡ ಎಡಗೊಂಬು ಪೂರ್ತಿ ಇತ್ತು. ಗೆರೆ ಕಣ್ಣಿನ ನಡುವೆಯೇ ಹಾದುಹೋಯಿತು. ಅದು ಏಳುವವರೆಗೆ ಕಾದು ಹೊಡೆದೆ. ಇನ್ನೂರೈವತ್ತು ಗಜ ಇರಬಹುದು, ಒಂದೇ ಗುಂಡು.

ಗ್ರಿಜ್ಲಿ ಕರಡಿಯ ಊರು ಅದು. ಅಷ್ಟು ಎತ್ತರದಲ್ಲಿ ಮಾಂಸ ನೇತುಹಾಕಲು ಮರವೂ ಇಲ್ಲ. ಕರುಳಿನ ರಾಶಿಯಿಂದ ಮುನ್ನೂರು ಗಜ ಆಚೆ, ದೂರದಿಂದಲೇ ಕಾಣುವ ಬೋಳು ಕಲ್ಲಿನ ಮೇಲೆ ಚೀಲಗಳನ್ನಿಟ್ಟೆ. ಎರಡು ಹೊರೆ ಆಯಿತು. ಎರಡನೆಯದಕ್ಕೆ ಹೋದಾಗ ಮೊದಲು ಆಚೆ ಏಣಿನಿಂದ ಅರ್ಧ ಗಂಟೆ ಬೈನಾಕ್ಯುಲರ್‌ನಲ್ಲಿ ನೋಡಿ, ಆಮೇಲೆ ಹತ್ತಿರ ಹೋದೆ. ಕರಡಿ ಬಂದಿರಲಿಲ್ಲ. ಮಂಡಿ ಒಂದು ಮಾತೂ ಆಡಲಿಲ್ಲ.

ಇಲಾಖೆಯವರು ಕೊಂಬಿಗೆ ಪ್ಲಗ್, ಅಂದರೆ ಗುರುತಿನ ಬಿಲ್ಲೆ, ಹೊಡೆದು ಕೊಟ್ಟರು. ಇನ್ನು ಏಳು ವರ್ಷ ಟಗರಿನ ಲೈಸೆನ್ಸ್ ಇಲ್ಲ, ಅದು ನಿಯಮ. ತಲೆಯನ್ನು ಮೌಂಟ್ ಮಾಡಿಸಲು ಕೊಟ್ಟಿದ್ದೇನೆ. ಅವರು ಸಾವಿರದ ಮೇಲೆ ಕೇಳುತ್ತಿದ್ದಾರೆ, ಅರ್ಧ ಅಡ್ವಾನ್ಸ್. ಅದು ಮೇಲಿನ ಲೆಕ್ಕಕ್ಕೆ ಸೇರಿಲ್ಲ.