ಶಿಫ್ಟ್‌ಗೆ ಮುಂಚಿನ ಹದಿನೈದು ನಿಮಿಷ: ಅಮೆರಿಕದಲ್ಲಿ ಗಂಟೆ ಲೆಕ್ಕಕ್ಕೆ ದುಡಿಯುವ ಹೊಸಬರಿಗೆ

"ಒಂಬತ್ತಕ್ಕೆ ಶಿಫ್ಟ್, ಎಂಟೂಮುಕ್ಕಾಲಿಗೇ ಬಂದಿರಿ" ಎಂದರೆ ನಮ್ಮವರು ಹೂಂ ಅಂದುಬಿಡುತ್ತೇವೆ. ಮುಂಚೆ ಹೋಗುವುದು ನಮಗೆ ಮರ್ಯಾದೆಯ ವಿಷಯ, ಹದಿನೈದು ನಿಮಿಷಕ್ಕೆ ಕಾಸು ಕೇಳುವುದು ಸಣ್ಣತನ. ಇಲ್ಲಿಗೆ ಬಂದ ಮೇಲೆ ನಾವು ತಿರುತಿರುಗಿ ಮಾಡುವ ತಪ್ಪು ಇದೇ. ಗಂಟೆಗೆ 16 ಡಾಲರ್, ವಾರಕ್ಕೆ ಐದು ದಿನ, ವರ್ಷಕ್ಕೆ 50 ವಾರ ಎಂದು ಲೆಕ್ಕ ಹಾಕಿ ನೋಡಿ: 62.5 ಗಂಟೆ, 1,000 ಡಾಲರ್. ವಾರದ 40 ಗಂಟೆ ಆಗಲೇ ತುಂಬಿದ್ದರೆ ಒಂದೂವರೆ ಪಟ್ಟು ಓವರ್‌ಟೈಮ್, ಅಂದರೆ 1,500. ಅಷ್ಟನ್ನು ಬಿಟ್ಟುಕೊಡಲು ನಾವು ಬಂದಿಲ್ಲ.

ಯಾವುದಕ್ಕೆ ಸಂಬಳ? ಮನೆಯಿಂದ ಹೋಗಿಬರುವ ಸಮಯಕ್ಕಿಲ್ಲ. ನಿಮ್ಮಿಷ್ಟಕ್ಕೆ ಬೇಗ ಬಂದು ಕಾಫಿ ಕುಡಿಯುತ್ತ ಕೂತರೂ ಇಲ್ಲ. ಮುಖ್ಯ ಕೆಲಸ ನಡೆಯಲು ಬೇಕೇಬೇಕಾದ ತಯಾರಿಗೆ ಉಂಟು. ಕಾಲ್ ಸೆಂಟರಿನಲ್ಲಿ ಕಂಪ್ಯೂಟರ್ ಆನ್ ಮಾಡಿ ಬೇಕಾದ ಪ್ರೋಗ್ರಾಂಗಳನ್ನು ತೆರೆಯುವುದು, ಆಸ್ಪತ್ರೆಯಲ್ಲಿ ಹಿಂದಿನ ಪಾಳಿಯವರಿಂದ ರೋಗಿಗಳ ವಿವರ ತೆಗೆದುಕೊಳ್ಳುವುದು, ಕಡ್ಡಾಯ ಮೀಟಿಂಗ್ ಇವೆಲ್ಲ ಕೆಲಸವೇ. ಮಾಂಸದ ಕಾರ್ಖಾನೆಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು: ರಕ್ಷಣಾ ಉಡುಪು ತೊಟ್ಟ ಮೇಲೆ ಕೆಲಸದ ಜಾಗಕ್ಕೆ ನಡೆಯುವ ಸಮಯಕ್ಕೂ ಕೂಲಿ ಉಂಟು, ಮೊದಲ ಉಡುಪಿಗಾಗಿ ಸಾಲಿನಲ್ಲಿ ಕಾಯುವುದಕ್ಕೆ ಮಾತ್ರ ಇಲ್ಲ.

ಕೆಲಸ ಮುಗಿಸಿ ಗೋದಾಮಿನಿಂದ ಹೊರಡುವಾಗಿನ ಸೆಕ್ಯುರಿಟಿ ತಪಾಸಣೆಯ ಸಾಲಿಗೆ ಕೇಂದ್ರ ಕಾನೂನಿನಡಿ ಸಂಬಳವಿಲ್ಲ ಎಂದು ಅದೇ ಕೋರ್ಟ್ 2014ರಲ್ಲಿ ತೀರ್ಪಿತ್ತಿದೆ. ಆದರೆ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2020ರಲ್ಲಿ, ಪೆನ್ಸಿಲ್ವೇನಿಯಾದ್ದು 2021ರಲ್ಲಿ ತಂತಮ್ಮ ರಾಜ್ಯದ ಕಾನೂನಿನಡಿ ಇಂಥ ತಪಾಸಣೆಯ ಸಮಯಕ್ಕೂ ಸಂಬಳ ಕೊಡಬೇಕೆಂದವು. ಹಾಗಾಗಿ ಬೇರೆ ರಾಜ್ಯದ ಗೆಳೆಯರ ಮಾತು ನಂಬಿ ಸುಮ್ಮನಾಗಬೇಡಿ. ಇನ್ನೊಂದು ತೊಡಕು: ವಾರ 40 ಗಂಟೆ ದಾಟದೆ, ಒಟ್ಟು ಸಂಬಳವನ್ನು ಒಟ್ಟು ಗಂಟೆಗೆ ಹಂಚಿದಾಗ ಕೇಂದ್ರದ ಕನಿಷ್ಠ ಕೂಲಿಯಾದ 7.25 ಡಾಲರಿಗಿಂತ ಕಡಿಮೆಯಾಗದಿದ್ದರೆ ಕೇಂದ್ರ ಕಾನೂನು ಹೆಚ್ಚು ನೆರವಾಗದು. ಆಗಲೂ ರಾಜ್ಯದ ಕಾನೂನನ್ನೇ ನೋಡಬೇಕು.

ಪಂಚ್ ಮಾಡಿದ, ಅಂದರೆ ಕೆಲಸಕ್ಕೆ ಬಂದದ್ದನ್ನು ದಾಖಲಿಸಿದ ಸಮಯವನ್ನು ಹತ್ತಿರದ ಕಾಲು ಗಂಟೆಗೆ ಹೊಂದಿಸಲು ಕೇಂದ್ರದ ನಿಯಮ ಬಿಡುತ್ತದೆ. 8:53 ಒಂಬತ್ತಾದರೆ 9:07 ಕೂಡ ಒಂಬತ್ತೇ ಆಗಬೇಕು, 8:52 ಎಂಟೂಮುಕ್ಕಾಲಾಗಬೇಕು. ಬೇಗ ಬಂದದ್ದನ್ನು ಅಳಿಸಿ, ತಡವಾದದ್ದನ್ನು ಮಾತ್ರ ಹಿಡಿದರೆ ಅದು ಮೋಸ.

ಎಲ್ಲಕ್ಕಿಂತ ದೊಡ್ಡ ತಪ್ಪು ಏನನ್ನೂ ಬರೆದಿಡದಿರುವುದು. ದಿನವೂ ನಾಲ್ಕು ವಿಷಯ ಬರೆಯಿರಿ: ತಲುಪಿದ ಸಮಯ, ಮೊದಲ ಕೆಲಸ ಶುರುವಾದದ್ದು, ಪಂಚ್ ಮಾಡಿದ್ದು, ಬೇಗ ಬರಲು ಹೇಳಿದವರು ಯಾರು. ಅವತ್ತವತ್ತೇ ಬರೆಯಿರಿ, ತಿಂಗಳ ಕೊನೆಗೆ ನೆನಪಿನಿಂದ ತುಂಬಿಸಿದ್ದಕ್ಕೆ ಬೆಲೆ ಕಡಿಮೆ. ಸೂಪರ್‌ವೈಸರ್‌ಗೆ ಮೆಸೇಜ್ ಹಾಕಿ ಕೇಳಿ: "8:45ಕ್ಕೆ ಲಾಗಿನ್ ಆಗಬೇಕಲ್ಲ, ಆಗಲೇ ಪಂಚ್ ಮಾಡಲೇ?" ಉತ್ತರ ಬರಹದಲ್ಲಿರಲಿ. ಗ್ರಾಹಕರ ಮಾಹಿತಿಯಿರುವ ಸ್ಕ್ರೀನಿನ ಫೋಟೊ ಮಾತ್ರ ತೆಗೆಯಬೇಡಿ, ಅದನ್ನೇ ನೆಪ ಮಾಡಿ ಕೆಲಸದಿಂದ ತೆಗೆಯಬಹುದು.

ಪೇ ಸ್ಟಬ್‌ನಲ್ಲಿ (ಸಂಬಳದ ಚೀಟಿಯಲ್ಲಿ) ಗಂಟೆ ಕಡಿಮೆಯಿದ್ದರೆ ಮೊದಲು ಸಂಬಳದ ಲೆಕ್ಕ ನೋಡುವ ಪೇರೋಲ್‌ನವರನ್ನು ಕೇಳಿ, ಆಮೇಲೆ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ಡಿವಿಷನ್: 1-866-487-9243. ದೂರು ಉಚಿತ, ಹೆಸರು ಗುಟ್ಟಾಗಿರುತ್ತದೆ. ಹಿಂದಿನ ಎರಡು ವರ್ಷದ ಬಾಕಿ ಕೇಳಬಹುದು, ಬೇಕೆಂದೇ ತಪ್ಪಿಸಿದ್ದರೆ ಮೂರು. ದೂರಿಟ್ಟವರ ಮೇಲೆ ಸೇಡು ತೀರಿಸುವುದು ಕಾನೂನುಬಾಹಿರ.

ಇಷ್ಟೆಲ್ಲ ತಿಳಿದರೂ ಬಾಯಿ ಕಟ್ಟುತ್ತದೆ. ಪರದೇಶ, ವೀಸಾ, ನಾಲ್ಕು ಜನರೆದುರು ಕಾಸಿನ ಮಾತು. ಕೊಟ್ಟ ಕೆಲಸಕ್ಕೆ ಋಣಿಯಾಗಿರಬೇಕೆಂದು ಬೆಳೆದವರು ನಾವು, ಆ ಸಂಸ್ಕಾರ ಕಳೆದುಕೊಳ್ಳುವುದೂ ನೋವೇ. ಹೈಸ್ಕೂಲಿನ ಮಕ್ಕಳು ಮೊದಲ ಕೆಲಸಕ್ಕೆ ಹೊರಟಾಗ "ಬೇಗ ಹೋಗು, ಒಳ್ಳೆ ಹೆಸರು ತಗೋ" ಅನ್ನುತ್ತೇವಲ್ಲ, ಹೇಳೋಣ. ಹೇಳಿ, ಒಂದು ಸಣ್ಣ ನೋಟ್‌ಬುಕ್ಕನ್ನೂ ಬ್ಯಾಗಿಗೆ ಹಾಕಿ ಕಳಿಸೋಣ.