ಬಿಯರ್ ಕುಡಿಯಲು ಹೋಗಿ ನೀರಿನ ಕಥೆ ಕೇಳಿದ್ದು

ಕೋಲಾರದವರಾದ ನಮಗೆ ಒಂದು ಚಟ. ಎಲ್ಲಿಗೆ ಹೋದರೂ ಮೊದಲು ನೀರಿನ ರುಚಿ ನೋಡುತ್ತೇವೆ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯದೆ ಸತಾಯಿಸುವುದನ್ನು ನೋಡುತ್ತಲೇ ಬೆಳೆದವರಲ್ವಾ! ಸಣ್ಣ ಬ್ರೂವರಿಗಳು ತಾವೇ ತಯಾರಿಸುವ ಕ್ರಾಫ್ಟ್ ಬಿಯರ್ ಅರ್ಥವಾಗಿದ್ದೂ ನನಗೆ ಈ ಚಟದಿಂದಲೇ.

ಮೊದಲ ಸಲ ಪೆದ್ದನ ಹಾಗೆ ಕುಡಿದೆ. ಕೂತ ತಕ್ಷಣ ಸ್ಟೌಟ್ ಎಂಬ ಕಪ್ಪು ಬಿಯರ್‌ನ ದೊಡ್ಡ ಮಗ್ಗು, ಜೊತೆಗೆ ಖಾರದ ಚಿಕನ್. ಆಮೇಲೆ ತರಿಸಿದ ಗೋಧಿಯ ವೀಟ್ ಬಿಯರ್ ಬರೀ ಸೋಡಾ ಅನ್ನಿಸಿತು. ದುಡ್ಡು ಹೋಯಿತು, ರುಚಿ ಸಿಗಲಿಲ್ಲ.

ಈಗ ವಾರದ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗುತ್ತೇನೆ. ಜನ ಕಮ್ಮಿ ಇರುತ್ತಾರೆ, ಬಿಯರ್ ತಯಾರಿಸುವ ಬ್ರೂವರ್‌ಗೂ ಮಾತಾಡಲು ಪುರುಸೊತ್ತು. ಬೈಕ್ ಮನೆಯಲ್ಲೇ. ಕೋಲಾರದಿಂದ ಬಸ್ಸು, ಕೆ.ಆರ್. ಪುರದಲ್ಲಿ ಇಳಿದು ಮೆಟ್ರೋ, ಇಂದಿರಾನಗರ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ದಾಟಿದರೆ ಕೇಸು. ಆ ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ಬಸ್ಸೇ ವಾಸಿ.

ಸಣ್ಣ ಟೇಸ್ಟರ್ ಗ್ಲಾಸುಗಳನ್ನೇ ಕೇಳುತ್ತೇನೆ. ತಿಳಿ ಬಣ್ಣದ್ದು ಮೊದಲು, ಕಹಿಯದ್ದು ಆಮೇಲೆ, ಕಪ್ಪು ಕೊನೆಗೆ. ಜರ್ಮನ್ ಥರದ ವೀಟ್ ಬಿಯರ್ ಮೂಸಿದರೆ ಬಾಳೆಹಣ್ಣು, ಲವಂಗದ ವಾಸನೆ. ಅದನ್ನು ಯಾರೂ ಹಾಕಿರುವುದಿಲ್ಲ, ಯೀಸ್ಟ್ ಕೊಟ್ಟದ್ದು. ಪುಣೆಗೆ ಹೋದಾಗಲೂ ಇದೇ ಕ್ರಮ. ಡೂಲಾಲಿ ಎಂಬ ಬ್ರೂವರಿ 2009ರಲ್ಲಿ ಶುರುವಾದದ್ದು ಅಲ್ಲೇ.

ಒಂದು ಸಲ ಸುಮ್ನೆ ಕೇಳಿದೆ, "ನೀರು ಯಾವುದು?" ಬ್ರೂವರ್ ನಕ್ಕರು. "ಎಲ್ರೂ ಹಾಪ್ಸ್ ಬಗ್ಗೆ ಕೇಳ್ತಾರೆ ಸರ್, ನೀವೊಬ್ರು ನೀರು ಕೇಳಿದ್ರಿ" ಎಂದು ಒಳಗೆ ಕರೆದುಕೊಂಡು ಹೋದರು. ಹಾಪ್ಸ್ ಅಂದರೆ ಬಿಯರ್‌ಗೆ ಕಹಿ ಕೊಡುವ ಹೂವು. ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಮಾಲ್ಟ್ ನೆನೆಯುತ್ತಿತ್ತು. ಮುಚ್ಚಳ ತೆಗೆದಾಗ ನಮ್ಮ ಅಡುಗೆಮನೆಯೇ ಎದುರಿಗೆ ಬಂತು. ಅಮ್ಮ ಮೊಳಕೆ ರಾಗಿಯ ಮಾಲ್ಟ್ ಕಾಯಿಸುವಾಗಿನ ಅದೇ ಸಿಹಿ ವಾಸನೆ. ಮೊಳಕೆ ಬರಿಸಿ ಒಣಗಿಸುವುದು ಎರಡಕ್ಕೂ ಒಂದೇ. ಇಲ್ಲಿ ಬಾರ್ಲಿ, ಅಲ್ಲಿ ರಾಗಿ.

ಬಿಯರ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನೀರೇ. ಇವರು ಆರ್‌ಒ ಮಾಡಿ ನೀರಿನ ಲವಣವನ್ನೆಲ್ಲ ತೆಗೆದು, ಯಾವ ಬಿಯರ್ ಬೇಕೋ ಅದಕ್ಕೆ ತಕ್ಕಂತೆ ಮತ್ತೆ ಸೇರಿಸುತ್ತಾರಂತೆ. ಹಿಂದೆ ಆ ಸೌಕರ್ಯ ಇರಲಿಲ್ಲ. ಊರಿನ ನೀರು ಹೇಗೋ ಬಿಯರ್ ಹಾಗೆ. ಚೆಕ್ ನಾಡಿನ ಪಿಲ್ಸೆನ್‌ನ ನೀರು ತೀರಾ ಮೆದು, ಲವಣ ಕಮ್ಮಿ. 1842ರಲ್ಲಿ ಅಲ್ಲಿ ಹೊನ್ನಿನ ಬಣ್ಣದ ಪಿಲ್ಸ್ನರ್ ಬಿಯರ್ ಹುಟ್ಟಿತು. ಇಂಗ್ಲೆಂಡಿನ ಬರ್ಟನ್‌ನ ನೀರಿನಲ್ಲಿ ಜಿಪ್ಸಂ ಜಾಸ್ತಿ, ಅದು ಹಾಪ್ಸ್‌ನ ಕಹಿಯನ್ನು ಎತ್ತಿ ತೋರಿಸುತ್ತದೆ. ಡಬ್ಲಿನ್‌ನ ಗಡಸು ನೀರಿಗೆ ಹೊಂದಿದ್ದು ಕಪ್ಪು ಸ್ಟೌಟ್.

ಗಡಸು ನೀರು ಅಂದಕೂಡಲೇ ನನ್ನ ಕಿವಿ ನೆಟ್ಟಗಾಯಿತು. "ಹಾಗಾದ್ರೆ ನಮ್ಮ ಕೋಲಾರದ ಬೋರ್‌ವೆಲ್ ನೀರಲ್ಲಿ ಸ್ಟೌಟ್ ಮಾಡ್ಬಹುದಲ್ವಾ?"

"ಮಾಡ್ಬಹುದೇನೋ ಸರ್. ಮೊದ್ಲು ಫ್ಲೋರೈಡ್ ತೆಗೀಬೇಕು."